ಮಾರ್ಚ್ ತಿಂಗಳ ಹಿಮ: ಹಾಸನದ ಹುಡುಗನಿಗೊಂದು ಉತ್ತರ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಉದ್ದವಾಗಿತ್ತು, ಸಾರ ಇಷ್ಟು: ಅಕ್ಟೋಬರಿನಲ್ಲಿ ಹಾಸನದಿಂದ ಮ್ಯೂನಿಕ್‌ಗೆ ಬಂದಿದ್ದೀಯ. ಹಿಮವನ್ನು ಮುಟ್ಟಿ ನೋಡಿದ್ದೇ ಈ ಚಳಿಗಾಲದಲ್ಲಿ. ಮಾರ್ಚ್ ಮಧ್ಯದಲ್ಲಿ ಕಚೇರಿಯವರೆಲ್ಲ ಆಸ್ಟ್ರಿಯಾದ ಟಿರೋಲ್‌ಗೆ ಸ್ಕೀಯಿಂಗ್‌ಗೆ ಹೊರಟಿದ್ದಾರೆ. ಹೋಗಬೇಕೇ, ಹೋಗದಿದ್ದರೆ ಹೊರಗಿನವನಾಗಿಯೇ ಉಳಿಯುತ್ತೇನೆಯೇ, ಹೋಗಿ ಕಾಲು ಮುರಿದುಕೊಂಡರೆ ಕೆಲಸದ ಗತಿಯೇನು ಎಂದು ಕೇಳಿದ್ದೀಯ. ಇನ್ಸ್‌ಬ್ರುಕ್‌ನಲ್ಲಿ ನೆಲೆಸಿದವಳಿಗೆ ಇದೆಲ್ಲ ಗೊತ್ತಿರುತ್ತದೆ ಎಂಬ ನಿನ್ನ ನಂಬಿಕೆ ಸರಿಯೇ. ಆದರೆ ಸದ್ಯಕ್ಕೆ ನಾನು ಇರುವುದು ಚಿಕ್ಕಮಗಳೂರಿನ ಮನೆಯಲ್ಲಿ. ರೊಬಸ್ಟಾ ಕುಯ್ಲು ಮುಗಿಯುತ್ತ ಬಂದಿದೆ, ಕಣದಲ್ಲಿ ಕಾಫಿ ಒಣಗುತ್ತಿದೆ, ಎಲ್ಲರೂ ಹೂಮಳೆಗಾಗಿ ಆಕಾಶ ನೋಡುತ್ತಿದ್ದಾರೆ. ಹೋದ ವಾರ ಬೇಲೂರಿನ ಮದುವೆಯಲ್ಲಿ ನಿನ್ನ ತಾಯಿ ಸಿಕ್ಕಿ, "ನೀವೇ ಒಂದು ಮಾತು ಬೇಡವೆಂದು ಹೇಳಿಬಿಡಿ, ನಿಮ್ಮ ಮಾತು ಕೇಳುತ್ತಾನೆ" ಎಂದರು.

ನಾನು ಹಾಗೆ ಹೇಳುವುದಿಲ್ಲ. ಹೋಗು. ಆದರೆ ಮೊದಲು ಆ ಹೊರಗಿನವನ ಚಿಂತೆಯನ್ನು ಬಿಟ್ಟು ಹೋಗು, ಏಕೆಂದರೆ ಪೆಟ್ಟಾಗುವುದು ಬಹಳ ಸಲ ಅಲ್ಲಿಂದಲೇ. ನಮ್ಮ ಕಡೆಯವರು ಒಳ್ಳೆಯವರು, ಸಂಕೋಚದವರು. ಜೊತೆಯವರು "ಬಾ, ಈ ಇಳಿಜಾರು ಸುಲಭ" ಎಂದು ಕರೆದರೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಚಿಕ್ಕಂದಿನಿಂದ ಹಿಮದ ಮೇಲೆ ಬೆಳೆದವರಿಗೆ ಸುಲಭವಾದದ್ದು ನಿನಗೆ ಸುಲಭವಲ್ಲ ಎನ್ನುವುದು ಅವರಿಗೆ ಹೊಳೆಯುವುದೇ ಇಲ್ಲ, ಅದರಲ್ಲಿ ದುರುದ್ದೇಶವೂ ಇಲ್ಲ. "ನಾನು ಗೊಂಡೋಲಾದಲ್ಲಿ ಇಳಿದು ಬರುತ್ತೇನೆ, ಕೆಳಗೆ ಸಿಗೋಣ" ಎಂದು ಒಂದು ವಾಕ್ಯ ಹೇಳಿದರೆ ಯಾರೂ ಎರಡನೆಯ ಸಲ ಕೇಳುವುದಿಲ್ಲ. ಆ ವಾಕ್ಯವನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗು. ಗೊಂಡೋಲಾ ಎಂದರೆ ತಂತಿಯಲ್ಲಿ ತೂಗುತ್ತ ಗುಡ್ಡ ಹತ್ತಿಳಿಯುವ ಕೇಬಲ್ ಕಾರು. ಸ್ಕೀ ಮಾಡದ ಆಸ್ಟ್ರಿಯನ್ನರೂ ಬೇಕಾದಷ್ಟು ಜನ ಇದ್ದಾರೆ.

ಈಗ ಹಿಮದ ವಿಷಯ. ನೀನು ಕೇಳಿರುವುದೆಲ್ಲ ಹೇಗೆ ಜಾರಬೇಕು ಎಂಬ ಪ್ರಶ್ನೆ. ಅದನ್ನು ಕಲಿಸಲು ಶಿಕ್ಷಕರಿದ್ದಾರೆ. ಮೊದಲ ದಿನವಿಡೀ ಅವರೊಂದಿಗೇ ಇರು, ಹಣ ಉಳಿಸಲು ಸಹೋದ್ಯೋಗಿಯಿಂದ ಕಲಿಯಬೇಡ. ಶಿಕ್ಷಕರು ಅಷ್ಟಾಗಿ ಹೇಳದೆ ಬಿಡುವುದು ಇದು: ಮಾರ್ಚ್‌ನಲ್ಲಿ ಒಂದೇ ಇಳಿಜಾರು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ನಕ್ಷೆಯಲ್ಲಿ ನೀಲಿ ಬಣ್ಣ ಬಳಿದಿದ್ದರೆ ಯುರೋಪಿನಲ್ಲಿ ಅದು ಸುಲಭದ ದಾರಿ, ಕೆಂಪು ಮಧ್ಯಮ, ಕಪ್ಪು ಕಠಿಣ. ಉತ್ತರ ಅಮೆರಿಕದಲ್ಲಿ ನೀಲಿ ಎಂದರೆ ಮಧ್ಯಮ. ಮುಂದೆ ಕೆನಡಾ ಕಡೆ ಹೋದರೆ ನೆನಪಿರಲಿ. ಆದರೆ ಈ ಬಣ್ಣಗಳು ಮುಖ್ಯವಾಗಿ ಇಳಿಜಾರು ಎಷ್ಟು ಕಡಿದು ಎಂಬುದನ್ನು ಹೇಳುತ್ತವೆ, ಆ ಹೊತ್ತಿನ ಹಿಮ ಹೇಗಿದೆ ಎಂಬುದನ್ನಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದ ನೀಲಿ ದಾರಿ, ಒಳ್ಳೆಯ ಹಿಮವಿರುವ ಕೆಂಪು ದಾರಿಗಿಂತ ಅಪಾಯ.

ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ಸ್ವಲ್ಪ ಮೇಲಿದ್ದರೂ ಮೇಲ್ಪದರ ಹೆಪ್ಪುಗಟ್ಟಬಹುದು. ಹಿಂದಿನ ದಿನ ಕರಗಿ ಕಣಗಳ ನಡುವೆ ನಿಂತ ನೀರು ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆಯಾಗಿರುತ್ತದೆ. ರಾತ್ರಿ ಯಂತ್ರಗಳು ಓಡಾಡಿ ದಾರಿಯನ್ನು ಗೆರೆಗೆರೆಯಾಗಿ ಚಂದ ಮಾಡಿಟ್ಟಿರುತ್ತವೆ, ನೋಡಿದರೆ ಮೋಹವಾಗುತ್ತದೆ, ಕಾಲಿಟ್ಟರೆ ಕಲ್ಲು. ಹೊಸಬ ಬೆಳಿಗ್ಗೆ ಎಂಟೂವರೆಗೆ ಮೇಲೆ ಹತ್ತಿ ಸಾಧಿಸುವುದೇನೂ ಇಲ್ಲ. ನಿಧಾನವಾಗಿ ತಿಂಡಿ ತಿನ್ನು. ಮೊದಲು ಬಿಸಿಲು ಬೀಳುವುದು ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ. ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಮೆತ್ತಗಾಗಿ, ಕೆಳಗೆ ಇನ್ನೂ ಗಟ್ಟಿಯಾಗಿರುವ ಹೊತ್ತು ಒಂದು ಬರುತ್ತದೆ. ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಆದರೆ ಅದು ಬೇಗ ಕಳೆದುಹೋಗುತ್ತದೆ.

ಮಧ್ಯಾಹ್ನದ ಹಿಮ ನೀರು ಕುಡಿದು ಭಾರವಾಗಿರುತ್ತದೆ. ನೂರಾರು ಜನ ತಿರುಗಿ ತಿರುಗಿ ಅಲ್ಲಲ್ಲಿ ಗುಡ್ಡೆ ಬಿದ್ದಿರುತ್ತದೆ, ನಡುವೆ ಹೊಂಡ. ಬಿದ್ದರೆ ನೋವಾಗದಷ್ಟು ಮೆತ್ತಗಿದೆ ಎಂದು ಮೋಸ ಹೋಗಬೇಡ. ಸ್ಕೀ ಹಲಗೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ದೇಹ ಮುಂದೆ ಹೋಗುತ್ತದೆ, ನಡುವಿನ ಮಂಡಿ ತಿರುಚಿಕೊಳ್ಳುತ್ತದೆ. ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್ ಹೆಚ್ಚು ಬಲ ಬಿದ್ದಾಗ ತಾನಾಗಿ ಬಿಚ್ಚಿಕೊಳ್ಳಬೇಕು, ನಿಜ. ಆದರೆ ಅದನ್ನು ರೂಪಿಸಿದ್ದು ಕಾಲಿನ ಮೂಳೆ ಉಳಿಸಲು. 1970ರ ದಶಕದಿಂದ ಈಚೆಗೆ ಕೆಳಗಾಲಿನ ಮುರಿತ ಬಹಳ ಕಡಿಮೆಯಾಗಿದೆ, ಮಂಡಿಯ ಅಸ್ಥಿರಜ್ಜು (ಮೂಳೆಗಳನ್ನು ಜೋಡಿಸಿ ಹಿಡಿಯುವ ನಾರು) ಹರಿಯುವುದು ಮಾತ್ರ ಹಾಗೆ ಕಡಿಮೆಯಾಗಲಿಲ್ಲ. ನಿಧಾನವಾಗಿ, ತಿರುಚಿಕೊಂಡು ಬೀಳುವಾಗ ಬೈಂಡಿಂಗ್ ಬಿಚ್ಚದೆಯೇ ಇರಬಹುದು. ನಿಧಾನವಾಗಿ ಹೋದರೆ ಮಂಡಿಗೆ ಅಪಾಯವಿಲ್ಲ ಎಂದು ಹೇಳುವವರನ್ನು ನಂಬಬೇಡ.

ಮೂರು ಗಂಟೆಯ ಮೇಲೆ ನೆರಳು ಬಿದ್ದ ಕಡೆ ಆ ಹೊಂಡ ಗುಡ್ಡೆಗಳು ಇದ್ದ ಹಾಗೆಯೇ ಹೆಪ್ಪುಗಟ್ಟುತ್ತವೆ. ಅಷ್ಟು ಹೊತ್ತಿಗೆ ತೊಡೆ ನಡುಗುತ್ತಿರುತ್ತದೆ, ಗುಡ್ಡದ ಮೇಲಿನ ಹೋಟೆಲಿನಲ್ಲಿ ಮಸಾಲೆ ಹಾಕಿ ಕಾಯಿಸಿದ ವೈನ್ ಒಳಗೆ ಹೋಗಿರುತ್ತದೆ, ಎಲ್ಲರಿಗೂ ಒಟ್ಟಿಗೇ ಊರಿಗಿಳಿಯುವ ಆತುರ. ಕಣಿವೆಗಿಳಿಯುವ ಕೊನೆಯ ದಾರಿ ಕೆಳಗಿರುವುದರಿಂದ ಬೆಚ್ಚಗಿರುತ್ತದೆ, ಬಹಳ ಕಡೆ ಇಕ್ಕಟ್ಟು, ಜನವೋ ಜನ. ಸಾವಿರ ಮೀಟರ್ ಇಳಿದರೆ ಸುಮಾರು ಆರೂವರೆ ಡಿಗ್ರಿ ಏರುತ್ತದೆ. ಮೇಲೆ ಪುಡಿಹಿಮ ಇದ್ದ ದಿನವೇ ಕೆಳಗೆ ಮಳೆ ಬರಬಹುದು. ಕೊನೆಯ ದಾರಿಯನ್ನು ಗೊಂಡೋಲಾದಲ್ಲಿ ಇಳಿ. ನಾನು ಇಷ್ಟು ವರ್ಷಗಳ ನಂತರವೂ ಹಾಗೆಯೇ ಇಳಿಯುತ್ತೇನೆ, ನನ್ನ ಮಗಳು ನಗುತ್ತಾಳೆ, ನಗಲಿ.

ಇನ್ಸ್‌ಬ್ರುಕ್ ಕಡೆ ಫೋನ್ (Föhn) ಎಂಬ ಬೆಚ್ಚನೆಯ ಒಣ ಗಾಳಿ ದಕ್ಷಿಣದಿಂದ ಬೀಸುತ್ತದೆ. ಬೀಸಿದ ದಿನ ಮೇಲಿನ ಲೆಕ್ಕವೆಲ್ಲ ಕೆಲವೇ ಗಂಟೆಗಳಲ್ಲಿ ಬುಡಮೇಲು, ಜನರನ್ನು ಗುಡ್ಡ ಹತ್ತಿಸುವ ಮೇಲಿನ ಲಿಫ್ಟ್‌ಗಳೂ ನಿಲ್ಲಬಹುದು. ಬೆಳಿಗ್ಗೆ ಹವಾಮಾನ ನೋಡಿದರೆ ಸಾಲದು, ಮಧ್ಯಾಹ್ನ ಊಟಕ್ಕೆ ಕುಳಿತಾಗ ಇನ್ನೊಮ್ಮೆ ನೋಡು.

ನೆರಳಿನಿಂದ ಬಿಸಿಲಿಗೆ ದಾಟುವ ಗೆರೆ ಇದೆಯಲ್ಲ, ಅಲ್ಲಿ ಎಚ್ಚರ. ಮರಗಳ ನೆರಳಿನಲ್ಲಿ ಸರಾಗವಾಗಿ ಓಡುವ ಹಲಗೆ, ಬಿಸಿಲಿನ ಒದ್ದೆ ಹಿಮಕ್ಕೆ ಬಂದೊಡನೆ ಯಾರೋ ಹಿಡಿದೆಳೆದ ಹಾಗೆ ನಿಧಾನವಾಗುತ್ತದೆ, ನೀನು ಮುಗ್ಗರಿಸುತ್ತೀಯ. ಗೆರೆಗೆ ಮುಂಚೆಯೇ ವೇಗ ತಗ್ಗಿಸು. ಮಂಜುಗಡ್ಡೆಯ ತೇಪೆ ಸಿಕ್ಕರೆ ಅದರ ಮೇಲೆ ತಿರುಗಲು ಹೋಗಬೇಡ, ಹಿಂದಕ್ಕೆ ವಾಲಬೇಡ. ಸುಮ್ಮನೆ ದಾಟಿ, ದಾರಿಯ ಅಂಚಿನಲ್ಲಿ ಕೆದರಿ ಬಿದ್ದ ಹಿಮದ ಮೇಲೆ ತಿರುಗು. ಮೊದಲ ದಿನ ಹಲಗೆಗಳ ಮುಂದಿನ ತುದಿಗಳನ್ನು ಒಟ್ಟುಗೂಡಿಸಿ ನಿಲ್ಲಿಸುವುದನ್ನು ಕಲಿಸುತ್ತಾರೆ. ಕಡಿದಾದ ಗಟ್ಟಿ ಹಿಮದಲ್ಲಿ ಅದು ಹಿಡಿಯುವುದಿಲ್ಲ. ಹಲಗೆಗಳನ್ನು ಇಳಿಜಾರಿಗೆ ಅಡ್ಡಲಾಗಿಟ್ಟುಕೊಂಡು ಅಡ್ಡಜಾರುತ್ತ ಇಳಿಯುವುದನ್ನು ಕಲಿಸಿ ಎಂದು ಕೇಳಿ ಕಲಿ. ನೋಡಲು ಶೋಭೆಯಿಲ್ಲ, ಆದರೆ ಎಲ್ಲೇ ಸಿಕ್ಕಿಕೊಂಡರೂ ಇಳಿಸಿಕೊಂಡು ಬರುವ ವಿದ್ಯೆ ಅದೊಂದೇ.

ಮೋಡ ಕವಿದ ದಿನ ಇನ್ನೊಂದು ತರಹ. ಆಕಾಶ, ನೆಲ ಎರಡೂ ಬಿಳಿ; ಉಬ್ಬು ಯಾವುದು ತಗ್ಗು ಯಾವುದು ಕಾಣುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಂಜು ಇಳಿದಾಗ ಎಷ್ಟೇ ಪಳಗಿದ ಚಾಲಕನೂ ರಸ್ತೆಯಂಚಿನ ಗೆರೆ ಹಿಡಿದು ಹೋಗುತ್ತಾನಲ್ಲ, ಹಾಗೆಯೇ ದಾರಿಯಂಚಿನ ಕಂಬಗಳನ್ನು ಹಿಡಿದು ಹೋಗು. ಮರಗಳಿರುವ ಕೆಳಗಿನ ದಾರಿಗಳಲ್ಲಿ ಸ್ವಲ್ಪ ಕಾಣುತ್ತದೆ, ಮೇಲಿನ ಬಯಲಿನಲ್ಲಿ ಇಲ್ಲ. ಅಂತಹ ದಿನಕ್ಕೆ ಹಳದಿ ಅಥವಾ ಕಿತ್ತಳೆ ಗಾಜಿನ ಗಾಗಲ್ಸ್ ಬೇಕು. ಬಿಸಿಲಿನ ದಿನಕ್ಕೆ ಕಪ್ಪು ಗಾಜು: ಹೊಸ ಹಿಮ ನೇರಳಾತೀತ ಕಿರಣಗಳನ್ನು ಶೇಕಡ 80ರವರೆಗೂ ಪ್ರತಿಫಲಿಸುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್. ಟಿರೋಲ್‌ನ ಒಬರ್‌ಗುರ್ಗ್ಲ್‌ನಲ್ಲಿ ಜನ ವಾಸಿಸುವ ಊರೇ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ಲಿಫ್ಟ್‌ಗಳು ಅಲ್ಲಿಂದ ಮೇಲಕ್ಕೆ ಹೊರಡುತ್ತವೆ. ನಮ್ಮದು ಬಿಸಿಲು ಕಂಡ ಚರ್ಮ ಎಂದುಕೊಂಡು ಮುಖಕ್ಕೆ ಲೇಪ ಹಚ್ಚದೆ ಹೋಗಬೇಡ.

ಬಾಡಿಗೆ ಅಂಗಡಿಯಲ್ಲಿ ನಿನ್ನ ತೂಕ, ಎತ್ತರ, ವಯಸ್ಸು, ಎಷ್ಟು ಬರುತ್ತದೆ ಎಂದೆಲ್ಲ ಕೇಳುತ್ತಾರೆ, ಬೂಟಿನ ಅಟ್ಟೆಯ ಉದ್ದ ಅಳೆಯುತ್ತಾರೆ. ಇದೆಲ್ಲ ಸೇರಿ ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಬೇಕು ಎಂಬುದು ನಿಗದಿಯಾಗುತ್ತದೆ. ಗಂಡಸರು ಇಲ್ಲಿ "ಸುಮಾರಾಗಿ ಬರುತ್ತದೆ" ಎಂದು ಸುಳ್ಳು ಹೇಳುತ್ತಾರೆ. ನೀನು ಏನೂ ಬರುವುದಿಲ್ಲ ಎನ್ನು. ಪದೇ ಪದೇ ಬಿಚ್ಚುತ್ತದೆ ಎಂದು ಗೆಳೆಯನ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿಕೊಳ್ಳಬೇಡ, ಅಂಗಡಿಗೇ ಒಯ್ಯಿ. ಬೂಟಿನೊಳಗೆ ಒಂದೇ ತೆಳು ಕಾಲುಚೀಲ, ಚಳಿಯೆಂದು ಎರಡು ಹಾಕಿದರೆ ಕಾಲು ಮರಗಟ್ಟುತ್ತದೆ. ಹತ್ತಿ ಬಟ್ಟೆ, ಜೀನ್ಸ್ ಬೇಡ. ಹೆಲ್ಮೆಟ್ ಹಾಕು: ಆಸ್ಟ್ರಿಯಾದಲ್ಲಿ ದೊಡ್ಡವರಿಗೆ ಕಡ್ಡಾಯವಿಲ್ಲ, ಗಡಿ ದಾಟಿದರೆ ಇಟಲಿಯಲ್ಲಿ 2025ರ ನವೆಂಬರ್‌ನಿಂದ ಎಲ್ಲರಿಗೂ ಕಡ್ಡಾಯ.

ಬೀಳುವುದಂತೂ ಬೀಳುತ್ತೀಯ. ಬೀಳುತ್ತಿರುವೆ ಎಂದು ಗೊತ್ತಾದ ಮೇಲೆ ಅದನ್ನು ತಡೆಯಲು ಹೆಣಗಬೇಡ, ಹಿಂದಕ್ಕೆ ಕುಕ್ಕರಿಸಬೇಡ, ಗುಡ್ಡದ ಕಡೆಗೆ ಪಕ್ಕಕ್ಕೆ ಬೀಳು. ಹಿಂದಕ್ಕೆ ಕುಳಿತಾಗ ಹಲಗೆಯ ಹಿಂಭಾಗವೇ ಸನ್ನೆಯಾಗಿ ಮಂಡಿಯನ್ನು ತಿರುಚುತ್ತದೆ. ಜಾರುವುದು ಪೂರ್ತಿ ನಿಲ್ಲುವವರೆಗೆ ಏಳಬೇಡ. ಕೈಯಲ್ಲಿರುವ ಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳದಿದ್ದರೆ ಒಳ್ಳೆಯದು. ಕೋಲು ಹಿಡಿದೇ ಕೈ ಊರಿ ಬಿದ್ದು ಹೆಬ್ಬೆರಳ ಬುಡದ ಅಸ್ಥಿರಜ್ಜು ಹರಿದುಕೊಂಡವರು ಅಲ್ಲಿ ಬೇಕಾದಷ್ಟು ಜನ.

ರಸ್ತೆಯ ನಿಯಮಗಳ ಹಾಗೆ ಇದಕ್ಕೂ ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಿವೆ, 1967ರಿಂದ. ಲಿಫ್ಟ್ ಬಳಿ ಫಲಕದಲ್ಲಿ ಓದು. ಮುಖ್ಯವಾದದ್ದು, ಮುಂದೆ ಇರುವವನಿಗೆ ಹಕ್ಕು, ಹಿಂದಿನಿಂದ ಬರುವವನದೇ ಹೊಣೆ. ಇಕ್ಕಟ್ಟಿನಲ್ಲೂ ಉಬ್ಬಿನ ಕೆಳಗೂ ನಿಲ್ಲಬೇಡ, ಮೇಲಿನವರಿಗೆ ನೀನು ಕಾಣುವುದಿಲ್ಲ. ಯಾರಿಗಾದರೂ ಪೆಟ್ಟಾದರೆ ಇಳಿಜಾರಿನಲ್ಲಿ ಅವರಿಗಿಂತ ಸ್ವಲ್ಪ ಮೇಲೆ ಎರಡು ಹಲಗೆಗಳನ್ನು ಒಂದಕ್ಕೊಂದು ಅಡ್ಡವಾಗಿ ನೆಟ್ಟು, ಅಂಚಿನ ಕಂಬದ ಸಂಖ್ಯೆ ನೋಡಿ ಕರೆ ಮಾಡು. ಆಸ್ಟ್ರಿಯಾದಲ್ಲಿ ಪರ್ವತ ರಕ್ಷಣೆಗೆ 140, ಯುರೋಪಿನಲ್ಲಿ ಎಲ್ಲೆಡೆ 112.

ಕಂಬಗಳ ಆಚೆ ಹೆಜ್ಜೆ ಗುರುತು ಕಂಡರೆ ಹಿಂಬಾಲಿಸಬೇಡ. ಹಿಮಕುಸಿತದ ಅಪಾಯವನ್ನು ಐದು ಹಂತಗಳಲ್ಲಿ ಹೇಳುತ್ತಾರೆ, ಮೂರು ಎಂದರೆ ಮಧ್ಯಮ ಎಂದುಕೊಂಡು ಹೋದವರೇ ಹೆಚ್ಚಾಗಿ ಸಾಯುವುದು. ಇದರ ಬಗ್ಗೆ ನಿನಗೆ ಇದಕ್ಕಿಂತ ಹೆಚ್ಚು ಈಗ ಬೇಕಿಲ್ಲ.

ಒಂದು ದಿನ ಸಾಕೆನಿಸಿದರೆ ಹಿಮದ ಮೇಲೆ ಕುಳಿತು ಜಾರುವ ಜಾರುಬಂಡಿ ಇದೆ, ಚಳಿಗಾಲದ ನಡಿಗೆಯ ದಾರಿಗಳಿವೆ. ಜಾರುಬಂಡಿ ಮಕ್ಕಳ ಆಟವೆಂದು ಹೆಲ್ಮೆಟ್ ಬಿಡಬೇಡ. ಸಂಜೆ ಕುಡಿದು ಬಂಡಿ ಹತ್ತಿ ಮರಕ್ಕೆ ಹೊಡೆದುಕೊಳ್ಳುವ ಪ್ರತಿಭಾವಂತರು ಪ್ರತಿ ವರ್ಷ ಸಿಗುತ್ತಾರೆ.

ಇನ್ನು ಕೆಲಸದ ವಿಷಯ. ಜರ್ಮನಿಯಲ್ಲಿ ನಾಲ್ಕು ವಾರ ಕೆಲಸ ಮಾಡಿದವರಿಗೆ ಅನಾರೋಗ್ಯದಲ್ಲಿ ಆರು ವಾರದವರೆಗೆ ಸಂಬಳ ಬರುತ್ತದೆ, ಆಟದಲ್ಲಿ ಆದ ಪೆಟ್ಟಿಗೂ ಸಾಮಾನ್ಯವಾಗಿ ಇದೇ ನಿಯಮ. ಆದರೆ ನಿನ್ನ ಒಪ್ಪಂದದಲ್ಲಿ ಆರು ತಿಂಗಳ ಪರೀಕ್ಷಾ ಅವಧಿ ಇದ್ದರೆ, ಮಾರ್ಚ್ ಮಧ್ಯಕ್ಕೆ ಅದು ಇನ್ನೂ ಮುಗಿದಿರುವುದಿಲ್ಲ. ಆ ಅವಧಿಯಲ್ಲಿ ಎರಡು ವಾರದ ಸೂಚನೆ ಕೊಟ್ಟು ತೆಗೆಯಬಹುದು. ಪ್ರವಾಸದಲ್ಲಿ ಬಿದ್ದವನನ್ನು ಒಳ್ಳೆಯ ಕಚೇರಿ ಹಾಗೆ ಮಾಡುವುದಿಲ್ಲ ಎಂದು ನನ್ನ ಅನಿಸಿಕೆ, ಆದರೂ ನೀನು ತಿಳಿದೇ ಹೋಗಬೇಕು. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯ ಕಾರ್ಡ್ ಆಸ್ಟ್ರಿಯಾದ ಚಿಕಿತ್ಸೆಗೆ ನಡೆಯುತ್ತದೆ, ಗುಡ್ಡದಿಂದ ಇಳಿಸಿ ತರುವ ಹೆಲಿಕಾಪ್ಟರಿಗೆ ನಡೆಯುವುದಿಲ್ಲ. ಆ ಬಿಲ್ಲು ಸಾವಿರಾರು ಯೂರೋ. ಜರ್ಮನ್ ಆಲ್ಪೈನ್ ಸಂಘದ ಸದಸ್ಯನಾದರೆ ರಕ್ಷಣೆಯ ವಿಮೆ ಅದರೊಂದಿಗೇ ಬರುತ್ತದೆ. ಬೇರೆಯವರಿಗೆ ನಿನ್ನಿಂದ ಪೆಟ್ಟಾದರೆ ಭರಿಸುವ ಹೊಣೆಗಾರಿಕೆ ವಿಮೆಯನ್ನೂ ಮಾಡಿಸು, ಅದಿಲ್ಲದೆ ಜರ್ಮನಿಯಲ್ಲಿ ಸೈಕಲ್ ಕೂಡ ಓಡಿಸಬಾರದು ಎನ್ನುವವಳು ನಾನು. ಬಿದ್ದಾಗ ಮಂಡಿಯಲ್ಲಿ ಟಕ್ ಎಂದ ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ, ನಡೆಯಲು ಬಂದರೂ ಮರುದಿನ ಹಲಗೆ ಕಟ್ಟಬೇಡ, ಅಂದೇ ವೈದ್ಯರಿಗೆ ತೋರಿಸು.

ಮಾರ್ಚ್ ಮೊದಲ ವಾರ ನಾನು ಮರಳುತ್ತೇನೆ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್‌ಗೆ ರೈಲಿನಲ್ಲಿ ಎರಡು ಗಂಟೆಯೂ ಬೇಡ. ಪ್ರವಾಸಕ್ಕೆ ಮುಂಚಿನ ಶನಿವಾರ ಬಾ, ಮಕ್ಕಳು ಕಲಿಯುವ ಇಳಿಜಾರಿನಲ್ಲಿ ಶಿಕ್ಷಕರೊಂದಿಗೆ ಅರ್ಧ ದಿನ ಕಳೆ, ರಾತ್ರಿ ಊಟಕ್ಕೆ ನಮ್ಮ ಮನೆಯಲ್ಲಿ ಇರು. ನಿನ್ನ ತಾಯಿ ಚಟ್ನಿಪುಡಿ ಕಳಿಸುತ್ತೇನೆ ಎಂದಿದ್ದಾರೆ. ಯಾವ ರೈಲು ಎಂದು ತಿಳಿಸಿದರೆ ಸಾಕು.