ಓಸ್ಲೋದಿಂದ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಹಾಗೆ ಫ್ಯೋರ್ಡ್ ನೋಡಬಹುದಾ?

ಜೂನ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ನಾರ್ವೇ ರಾಜಧಾನಿ ಓಸ್ಲೋಗೆ ಬರ್ತೀರಿ, ನಾಲ್ಕು ದಿನ ಇರ್ತೀರಿ, ಹೋಟೆಲ್ ಬದಲಾಯಿಸದೆ ದಿನಕ್ಕೊಂದು ಫ್ಯೋರ್ಡ್ ನೋಡಿಕೊಂಡು ಬರಬಹುದಾ ಅಂತ ಕೇಳಿದ್ದೀರಿ. ದಿನಕ್ಕೊಂದು ಆಗುವುದಿಲ್ಲ. ನೀವು ಫೋಟೋದಲ್ಲಿ ನೋಡಿರುವ ಫ್ಯೋರ್ಡ್ ಇದೆಯಲ್ಲ, ಎರಡೂ ಕಡೆ ಗೋಡೆಯಂಥ ಬೆಟ್ಟ, ನಡುವೆ ಒಳನಾಡಿನ ತನಕ ಚಾಚಿದ ಸಮುದ್ರದ ಕಡುಹಸಿರು ನೀರು, ಅದು ಓಸ್ಲೋ ಪಕ್ಕದಲ್ಲಿಲ್ಲ. ಪಶ್ಚಿಮ ಕರಾವಳಿಯ ಕಡೆ ಇದೆ, ರೈಲಿನಲ್ಲಿ ಹೆಚ್ಚೂಕಡಿಮೆ ಐದು ಗಂಟೆಯ ದಾರಿ. ಒಂದೇ ದಿನದಲ್ಲಿ ಹೋಗಿ ಬರುವವರು ಬೇಕಾದಷ್ಟು ಜನ ಇದ್ದಾರೆ, ನಾನೂ ಹೋಗಿ ಬಂದಿದ್ದೇನೆ. ಆದರೆ ವಯಸ್ಸಾದವರು ಜೊತೆಗಿದ್ದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಓಸ್ಲೋ ಊರು ಕೂಡ ಫ್ಯೋರ್ಡಿನ ತುದಿಯಲ್ಲೇ ಇದೆ. ಓಸ್ಲೋಫ್ಯೋರ್ಡ್ ಸುಮಾರು 100 ಕಿಲೋಮೀಟರ್ ಉದ್ದ. ಆದರೆ ಅದು ಹುಟ್ಟಿದ ಬಗೆಯೇ ಬೇರೆ. ಸುಮಾರು 30 ಕೋಟಿ ವರ್ಷದ ಹಿಂದೆ ಇಲ್ಲಿ ನೆಲ ಸೀಳಿ, ನಡುವಿನ ಭಾಗ ಕೆಳಗೆ ಕುಸಿಯಿತು. ಹಿಮ ಬಂದು ಅದನ್ನು ಉಜ್ಜಿದ್ದು ಎಷ್ಟೋ ಕಾಲ ಆದಮೇಲೆ. ಅದಕ್ಕೇ ಇಲ್ಲಿ ಬೆಟ್ಟಗಳು ತಗ್ಗು, ನೀರು ಅಗಲ, ತುಂಬಾ ದ್ವೀಪಗಳು. ಪಶ್ಚಿಮದ್ದು ಹಾಗಲ್ಲ. ಅಲ್ಲಿ ಹಿಮನದಿಗಳು ಲಕ್ಷಾಂತರ ವರ್ಷ ಕಲ್ಲನ್ನು ಕೆರೆದು ಕೆರೆದು ಸಮುದ್ರಮಟ್ಟಕ್ಕಿಂತ ಎಷ್ಟೋ ಕೆಳಗೆ ಹೋಗಿವೆ, ಹಿಮ ಕರಗಿದ ಮೇಲೆ ಆ ಜಾಗಕ್ಕೆ ಸಮುದ್ರ ನುಗ್ಗಿದೆ. ನಮ್ಮ ಕಡೆ ಹೊಳೆ ಕೊರೆದ ಕಣಿವೆ ಕೆಳಕ್ಕೆ ಹೋದ ಹಾಗೆ ಕಿರಿದಾಗುತ್ತದೆ, ಶರಾವತಿ ಕಣಿವೆ ನೋಡಿದವರಿಗೆ ಗೊತ್ತು. ಹಿಮ ಕೊರೆದದ್ದು ತೊಟ್ಟಿಯ ಹಾಗೆ, ಗೋಡೆ ನೆಟ್ಟಗೆ ಇಳಿಯುತ್ತದೆ. ಸೋಗ್ನೆಫ್ಯೋರ್ಡ್ 200 ಕಿಲೋಮೀಟರಿಗಿಂತ ಉದ್ದ, ಆಳ ಕೆಲವು ಕಡೆ 1300 ಮೀಟರ್. ಸಮುದ್ರದಿಂದ ಅಷ್ಟು ಒಳಗೆ ಬಂದಮೇಲೂ ನೀರು ಉಪ್ಪೇ.

ನೀವು ನೋಡಬೇಕಾದದ್ದು ಈ ಸೋಗ್ನೆಫ್ಯೋರ್ಡಿನ ಎರಡು ಕವಲುಗಳು. ಒಂದು ಔರ್ಲಾಂಡ್ಸ್‌ಫ್ಯೋರ್ಡ್, ಇನ್ನೊಂದು ನ್ಯಾರೋಯ್‌ಫ್ಯೋರ್ಡ್. ನ್ಯಾರೋಯ್‌ಫ್ಯೋರ್ಡ್ 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ತೀರಾ ಕಿರಿದಾದ ಕಡೆ ಅದರ ಅಗಲ ಬರೀ 250 ಮೀಟರ್.

ದಾರಿ ಹೀಗೆ. ಓಸ್ಲೋದಿಂದ ಪಶ್ಚಿಮ ಕರಾವಳಿಯ ಬರ್ಗೆನ್ ಊರಿನ ಕಡೆ ಹೋಗುವ ಬೆಳಗಿನ ಮೊದಲ ರೈಲು ಹಿಡಿದು ಮೀರ್ಡಾಲ್‌ನಲ್ಲಿ ಇಳಿಯಬೇಕು. ಅಲ್ಲಿಂದ ಫ್ಲೋಮ್ ರೈಲು ಹತ್ತಿ ಫ್ಯೋರ್ಡಿನ ದಡದಲ್ಲಿರುವ ಫ್ಲೋಮ್ ಊರಿಗೆ. ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ಎರಡು ಗಂಟೆ ದೋಣಿ. ಗುಡ್‌ವಾಂಗೆನ್‌ನಿಂದ ವೋಸ್‌ಗೆ ಒಂದು ಗಂಟೆ ಬಸ್ಸು. ವೋಸ್‌ನಿಂದ ವಾಪಸ್ ಓಸ್ಲೋಗೆ ರೈಲು. ಇದನ್ನೇ ‘ನಾರ್ವೇ ಇನ್ ಎ ನಟ್‌ಶೆಲ್’ ಅಂತ ಒಂದೇ ಟಿಕೆಟ್ ಮಾಡಿ ಮಾರುತ್ತಾರೆ. ನೀವೇ ಒಂದೊಂದಾಗಿ ಬುಕ್ ಮಾಡಬಹುದು, ಕಷ್ಟವೇನಿಲ್ಲ, ಗೈಡ್ ಅಂತ ಯಾರೂ ಜೊತೆಗೆ ಬರುವುದಿಲ್ಲ.

ಅಪ್ಪ ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ನಾನು ಈ ಇಡೀ ಸುತ್ತನ್ನು ಒಂದೇ ದಿನದಲ್ಲಿ ಮಾಡಿಸಿದೆ. ಬೆಳಗ್ಗೆ ನಾಲ್ಕೂವರೆಗೆ ಎಬ್ಬಿಸಿದೆ, ಆರೂವರೆ ಸುಮಾರಿಗೆ ರೈಲು. ಜೂನ್‌ನಲ್ಲಿ ಇಲ್ಲಿ ನಾಲ್ಕಕ್ಕೆ ಮೊದಲೇ ಬೆಳಕು, ರಾತ್ರಿ ಹತ್ತೂವರೆ ಆದರೂ ಕತ್ತಲಾಗಲ್ಲ, ಅವರಿಗೆ ಹಿಂದಿನ ರಾತ್ರಿಯೇ ಸರಿಯಾಗಿ ನಿದ್ದೆ ಬಂದಿರಲಿಲ್ಲ. ರೈಲಿನಲ್ಲಿ ಚೆನ್ನಾಗಿಯೇ ಇದ್ದರು. ಮಧ್ಯಾಹ್ನ ಫ್ಲೋಮ್‌ನಲ್ಲಿ ಊಟ ಮಾಡಿ ದೋಣಿ ಹತ್ತಿದೆವು. ದೋಣಿ ಔರ್ಲಾಂಡ್ಸ್‌ಫ್ಯೋರ್ಡ್ ದಾಟಿ ಎಡಕ್ಕೆ ತಿರುಗಿ ನ್ಯಾರೋಯ್‌ಫ್ಯೋರ್ಡಿಗೆ ನುಗ್ಗುವ ಹೊತ್ತಿಗೆ ಅಮ್ಮ ಒಳಗಿನ ಸೀಟಿನಲ್ಲಿ ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಯಾವುದನ್ನು ತೋರಿಸಲು ಅಷ್ಟು ದೂರ ಕರೆದುಕೊಂಡು ಹೋಗಿದ್ದೆನೋ ಅದೇ ಅವರಿಗೆ ಕಾಣಲಿಲ್ಲ. ರಾತ್ರಿ ಮನೆ ಸೇರಿದಾಗ ಹನ್ನೊಂದು ದಾಟಿತ್ತು. ಮಾರನೇ ದಿನ ಇಬ್ಬರೂ ಹಾಸಿಗೆ ಬಿಟ್ಟು ಏಳಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಬಂದಾಗ ಒಂದು ರಾತ್ರಿ ಔರ್ಲಾಂಡ್‌ನಲ್ಲಿ ಉಳಿದೆವು. ಫ್ಲೋಮ್‌ನಿಂದ ಹತ್ತು ಕಿಲೋಮೀಟರ್ ಒಳಗೇ ಇದೆ, ಬಸ್ಸಿದೆ. ಬೆಳಗ್ಗೆ ತಿಂಡಿ ತಿಂದು ದೋಣಿ ಹತ್ತಿದೆವು. ಮಳೆ ಹನಿಯುತ್ತಿತ್ತು. ಅಮ್ಮ ತೀರ್ಥಹಳ್ಳಿಯವರು, ಮಳೆ, ಜಲಪಾತ, ಬೆಟ್ಟ ಯಾವುದೂ ಅವರಿಗೆ ಹೊಸದಲ್ಲ. ಆದರೂ ಎರಡು ಗಂಟೆ ಮೇಲಿನ ಡೆಕ್ ಬಿಟ್ಟು ಕದಲಲಿಲ್ಲ. ‘ಇಷ್ಟು ನೀರಿದೆ, ಸದ್ದೇ ಇಲ್ವಲ್ಲೋ’ ಅಂದರು. ನಿಜ, ಆ ದೋಣಿ ಪೂರ್ತಿ ಬ್ಯಾಟರಿಯಲ್ಲಿ ಓಡುವಂಥದ್ದು, 2018ರಿಂದ ಈ ಮಾರ್ಗದಲ್ಲಿದೆ. ಎಂಜಿನ್ ಗದ್ದಲ ಇಲ್ಲದೆ ಇದ್ದರೆ ದಡದ ಜಲಪಾತದ ಸದ್ದು ದೂರದಿಂದಲೇ ಕೇಳಿಸುತ್ತದೆ. ಮೊಣಕಾಲು ನೋವಿರುವವರಿಗೆ ಒಂದು ಮಾತು: ಆ ದೋಣಿಯ ಹೊರಬದಿಯಲ್ಲಿ ಮೆಟ್ಟಿಲಿನ ಬದಲು ಬೆಟ್ಟದ ಕಾಲುದಾರಿ ತರ ಸುತ್ತಿ ಸುತ್ತಿ ಮೇಲೇರುವ ಇಳಿಜಾರು ದಾರಿ ಇದೆ, ನಿಧಾನಕ್ಕೆ ನಡೆದೇ ಮೇಲೆ ಹೋಗಬಹುದು. ಹಳೆಯ ಬಗೆಯ ದೋಣಿಯೂ ಓಡುತ್ತಿರಬಹುದು, ಬುಕ್ ಮಾಡುವಾಗ ನೋಡಿಕೊಳ್ಳಿ.

ಹಾಗಾಗಿ ನನ್ನ ಸಲಹೆ: ದೊಡ್ಡ ಸೂಟ್‌ಕೇಸ್ ಓಸ್ಲೋ ಹೋಟೆಲಿನ ಲಗೇಜ್ ರೂಮಿನಲ್ಲಿಡಿ, ಒಂದು ರಾತ್ರಿಗೆ ಬೇಕಾದ್ದು ಬೆನ್ನ ಚೀಲದಲ್ಲಿ ತಗೊಳ್ಳಿ. ಮೊದಲ ದಿನ ಫ್ಲೋಮ್‌ವರೆಗೆ ಮಾತ್ರ. ಸಂಜೆ ಬೆಳಕು ಬೇಕಾದಷ್ಟಿರುತ್ತದೆ, ಸ್ಟೇಗಸ್ಟೈನ್ ಅನ್ನುವ ವೀಕ್ಷಣೆ ಜಾಗಕ್ಕೆ ಫ್ಲೋಮ್‌ನಿಂದ ಬಸ್ಸಿನಲ್ಲಿ ಹೋಗಿ ಬನ್ನಿ. ಫ್ಯೋರ್ಡಿನಿಂದ 650 ಮೀಟರ್ ಎತ್ತರದಲ್ಲಿ ಮರದ ಹಲಗೆಯ ಅಟ್ಟಣೆ 30 ಮೀಟರ್ ಹೊರಕ್ಕೆ ಚಾಚಿಕೊಂಡಿದೆ, ತುದಿಯಲ್ಲಿ ಗಾಜು. ನಡೆಯುವ ಕೆಲಸ ಹೆಚ್ಚಿಲ್ಲ. ಎರಡನೇ ದಿನ ಬೆಳಗಿನ ದೋಣಿ, ಬಸ್ಸು, ವೋಸ್‌ನಿಂದ ಮಧ್ಯಾಹ್ನದ ರೈಲು. ಫ್ಲೋಮ್‌ಗೆ ಬೇಸಿಗೆಯಲ್ಲಿ ದೊಡ್ಡ ಪ್ರವಾಸಿ ಹಡಗುಗಳು ಬರುತ್ತವೆ. ಒಂದು ಹಡಗು ನಿಂತರೆ ಆ ಪುಟ್ಟ ಊರಲ್ಲಿ ಕಾಲಿಡಲು ಜಾಗ ಇರಲ್ಲ. ಸಂಜೆ ಅವು ಹೋದಮೇಲೆ ಊರು ಮತ್ತೆ ತಣ್ಣಗಾಗುತ್ತದೆ, ಉಳಿದುಕೊಂಡವರಿಗೆ ಮಾತ್ರ ಅದು ಸಿಗುವುದು.

ರೈಲಿನ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದ್ರೆ ಎಲ್ಲರೂ ಅದನ್ನು ಬರೀ ‘ಹೋಗುವ ದಾರಿ’ ಅಂದುಕೊಂಡು ಫೋನ್ ನೋಡುತ್ತಾ ಕೂರುತ್ತಾರೆ. ಬರ್ಗೆನ್ ಮಾರ್ಗ 1909ರಲ್ಲಿ ಶುರುವಾದದ್ದು. ಮೊದಲ ಎರಡು ಮೂರು ಗಂಟೆ ಕಾಡು, ಕೆರೆ, ಹೊಲ. ಆಮೇಲೆ ನಿಧಾನಕ್ಕೆ ಮರ ಸಣ್ಣದಾಗುತ್ತಾ ಹೋಗಿ ಒಂದು ಕಡೆ ಮರವೇ ಇಲ್ಲದ ಬಯಲು ಬರುತ್ತದೆ. ಫಿನ್ಸೆ ನಿಲ್ದಾಣ 1222 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ವಾಹನ ಓಡಾಡುವ ಸಾರ್ವಜನಿಕ ರಸ್ತೆಯೇ ಇಲ್ಲ. ಜೂನ್ ಮೊದಲ ಭಾಗದಲ್ಲಿ ಹೋದರೆ ಕೆರೆಯ ಮೇಲೆ ಮಂಜುಗಡ್ಡೆ, ಹಳಿ ಪಕ್ಕದಲ್ಲಿ ಹಿಮ ಇನ್ನೂ ಇರುತ್ತದೆ. ರೈಲು ಒಂದೆರಡು ನಿಮಿಷ ನಿಂತರೆ ನಿಮ್ಮಪ್ಪ ಪ್ಲಾಟ್‌ಫಾರ್ಮಿಗೆ ಇಳಿದು ಹಿಮ ಮುಟ್ಟಿ ಬರಬಹುದು, ನಮ್ಮಪ್ಪ ಹಾಗೇ ಮಾಡಿದರು.

ಮೀರ್ಡಾಲ್‌ನಿಂದ ಫ್ಲೋಮ್‌ಗೆ 20 ಕಿಲೋಮೀಟರ್, ಸುಮಾರು ಒಂದು ಗಂಟೆ. ಅಷ್ಟರಲ್ಲಿ 860 ಮೀಟರಿಗಿಂತ ಜಾಸ್ತಿ ಇಳಿಯುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ರೈಲಿನಲ್ಲಿ ಹೋಗಿದ್ದೀರಾ? ಅಲ್ಲಿ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಜಾರು. ಫ್ಲೋಮ್ ಮಾರ್ಗದಲ್ಲಿ ಕಡಿದಾದ ಕಡೆ 18 ಮೀಟರಿಗೇ ಒಂದು ಮೀಟರ್. ಜಾರದಂತೆ ಹಿಡಿಯುವ ಹಲ್ಲಿನ ಹಳಿ ಇಲ್ಲ, ಮಾಮೂಲಿ ಹಳಿಯ ಮೇಲೇ ಇಳಿಯುತ್ತದೆ. ಒಟ್ಟು 20 ಸುರಂಗ, ಅದರಲ್ಲಿ 18 ಕೈಯಲ್ಲೇ ಕೊರೆದದ್ದು. ಒಂದು ಸುರಂಗದಲ್ಲಿ ರೈಲು ಬೆಟ್ಟದ ಒಳಗೇ ಪೂರ್ತಿ ತಿರುಗಿ ಹೊರಗೆ ಬರುತ್ತದೆ. ನಡುವೆ ಕ್ಯೋಸ್‌ಫೊಸೆನ್ ಜಲಪಾತದ ಎದುರು ಐದು ನಿಮಿಷ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಕೆಂಪು ಉಡುಪಿನ ಹೆಣ್ಣೊಬ್ಬಳು ಬಂಡೆ ಮೇಲೆ ಹಾಡಿಗೆ ಕುಣಿಯುತ್ತಾಳೆ, ಇಲ್ಲಿನ ಜನಪದ ಕತೆಯ ಹುಲ್ದ್ರಾ ಅವಳು, ಗಂಡಸರನ್ನು ಮರುಳು ಮಾಡಿ ಬೆಟ್ಟಕ್ಕೆ ಎಳೆದುಕೊಂಡು ಹೋಗುವವಳು. ನಮ್ಮ ಮೋಹಿನಿ ಕತೆ ಕೇಳಿ ಬೆಳೆದ ಅಮ್ಮನಿಗೆ ಒಂದು ಸಾಲಿನಲ್ಲಿ ಅರ್ಥವಾಯಿತು. ಮೇ, ಜೂನ್‌ನಲ್ಲಿ ಹಿಮ ಕರಗುವುದರಿಂದ ನೀರು ತುಂಬಾ ಇರುತ್ತದೆ, ಹನಿ ಪ್ಲಾಟ್‌ಫಾರ್ಮಿನ ತನಕ ಹಾರುತ್ತದೆ, ಕ್ಯಾಮೆರಾ ಜೋಪಾನ.

ಖಂಡಿತ ಒಂದೇ ದಿನ ಇರೋದು, ಹೋಟೆಲ್ ಖರ್ಚು ಬೇಡ ಅನ್ನೋದಾದರೆ, ಇನ್ನೊಂದು ಉಪಾಯ ಇದೆ. ಓಸ್ಲೋದಿಂದ ರಾತ್ರಿ ರೈಲಿನಲ್ಲಿ ಮಲಗಿಕೊಂಡು ಬರ್ಗೆನ್‌ಗೆ ಹೋಗಿ. ಬೆಳಗ್ಗೆ ಬೇಗ ತಲುಪುತ್ತದೆ. ಅಲ್ಲಿಂದ ಸುತ್ತನ್ನು ಉಲ್ಟಾ ಮಾಡಿ: ವೋಸ್, ಗುಡ್‌ವಾಂಗೆನ್, ದೋಣಿ, ಫ್ಲೋಮ್, ಮೀರ್ಡಾಲ್, ರಾತ್ರಿಗೆ ಓಸ್ಲೋ. ದೋಣಿ ಹತ್ತುವ ಹೊತ್ತಿಗೆ ಮೈ ಚುರುಕಾಗಿರುತ್ತದೆ. ಆದರೆ ಮಲಗುವ ಬರ್ತ್ ಸಿಕ್ಕಿದರೆ ಮಾತ್ರ ಮಾಡಿ. ಕೂತು ಹೋಗುವ ಸೀಟಿನಲ್ಲಿ ವಯಸ್ಸಾದವರನ್ನು ರಾತ್ರಿಯೆಲ್ಲಾ ಕರೆದುಕೊಂಡು ಹೋಗಬೇಡಿ. ವಿಮಾನದಲ್ಲಿ ಹೋಗುವುದಾದರೆ ಬರ್ಗೆನ್ 50 ನಿಮಿಷ ಅಷ್ಟೆ. ಬರ್ಗೆನ್ ಬಂದರಿನಿಂದ ಮೋಸ್ಟ್ರೌಮೆನ್ ಅನ್ನುವ ಕಿರಿದಾದ ಜಲಸಂಧಿಗೆ ಮೂರೂವರೆ ಗಂಟೆಯ ದೋಣಿ ಸುತ್ತು ಇದೆ, ಅದನ್ನು ನೋಡಿ ಸಂಜೆ ವಿಮಾನಕ್ಕೆ ವಾಪಸ್ ಬರಬಹುದು. ಚೆನ್ನಾಗಿದೆ, ಆದರೆ ನ್ಯಾರೋಯ್‌ಫ್ಯೋರ್ಡಿನ ಮುಂದೆ ಇಡಲಾರೆ. ಗೈರಾಂಗರ್ ಫ್ಯೋರ್ಡ್, ಟ್ರೋಲ್‌ಟುಂಗಾ ಮತ್ತು ಪ್ರೇಕೆಸ್ಟೋಲೆನ್ ಅನ್ನುವ ಬೆಟ್ಟದ ಬಂಡೆಗಳು, ಈ ಮೂರನ್ನೂ ಈ ಸಲದ ಪಟ್ಟಿಯಿಂದ ತೆಗೆದುಬಿಡಿ. ಬಾಡಿಗೆ ಕಾರಿನಲ್ಲಿ ಒಂದೇ ದಿನ ಫ್ಲೋಮ್‌ಗೆ ಹೋಗಿ ಬರುವುದೂ ಬೇಡ, ಹೋಗಲು ಐದು ಗಂಟೆ, ಬರಲು ಐದು ಗಂಟೆ, ಡ್ರೈವ್ ಮಾಡುವವರು ಏನೂ ನೋಡುವುದಿಲ್ಲ.

ಉಳಿದ ಎರಡು ದಿನದಲ್ಲಿ ಒಂದನ್ನು ಓಸ್ಲೋಫ್ಯೋರ್ಡಿಗೆ ಕೊಡಿ. ಇದನ್ನು ಪಶ್ಚಿಮದ ಜೊತೆ ಹೋಲಿಸಬೇಡಿ, ಇದರ ಸುಖವೇ ಬೇರೆ. ದ್ವೀಪಗಳಿಗೆ ಹೋಗುವ ಸಣ್ಣ ದೋಣಿಗಳು ಇಲ್ಲಿ ಸಿಟಿ ಬಸ್ಸಿದ್ದ ಹಾಗೆ. ಓಸ್ಲೋ ಸಾರಿಗೆಯ ರುಟರ್ ಆ್ಯಪ್‌ನಲ್ಲಿ 24 ಗಂಟೆಯ ಟಿಕೆಟ್ ತಗೊಂಡರೆ ಟ್ರಾಮ್, ಮೆಟ್ರೋ, ಬಸ್ಸು, ಈ ದೋಣಿ ಎಲ್ಲಕ್ಕೂ ಅದೇ. ಸಾವಿರಾರು ರೂಪಾಯಿ ಕೊಟ್ಟು ಪ್ರವಾಸಿ ದೋಣಿ ಹತ್ತುವ ಮೊದಲು ಇದನ್ನು ಯೋಚನೆ ಮಾಡಿ, ನೋಡುವ ನೀರು ಹೆಚ್ಚೂಕಡಿಮೆ ಅದೇ ನೀರು. ಸಿಟಿ ಹಾಲ್ ಮುಂದಿನ ದಕ್ಕೆಯಿಂದ ಹೋವೆಡ್‌ಓಯಾ ದ್ವೀಪಕ್ಕೆ ಹತ್ತು ನಿಮಿಷ ಕೂಡ ಇಲ್ಲ. 1147ರಲ್ಲಿ ಇಂಗ್ಲೆಂಡಿನಿಂದ ಬಂದ ಸನ್ಯಾಸಿಗಳು ಕಟ್ಟಿದ ಮಠದ ಪಾಳು ಗೋಡೆಗಳು ಅಲ್ಲಿವೆ, ಹುಲ್ಲಿನ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚಲು ಅದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಅಲ್ಲಿಂದ ಲಿಂಡ್‌ಓಯಾ ದ್ವೀಪಕ್ಕೆ ಹೋದರೆ ಕೆಂಪು, ಹಳದಿ, ಹಸಿರು ಬಣ್ಣದ ಪುಟ್ಟ ಬೇಸಿಗೆ ಮನೆಗಳು. ಜನ ವಾಸ ಇರುವ ಜಾಗ, ಅಂಗಳಕ್ಕೆ ನುಗ್ಗಿ ಫೋಟೋ ತೆಗೆಯಬೇಡಿ.

ಅಪ್ಪನಿಗೆ ಇತಿಹಾಸ ಇಷ್ಟವಾದರೆ ಡ್ರೋಬಾಕ್ ಊರಿಗೆ ಹೋಗಿ. ಓಸ್ಲೋದಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ, ಬೇಸಿಗೆಯಲ್ಲಿ ದೋಣಿಯೂ ಇರುತ್ತದೆ. ಅಲ್ಲಿ ಫ್ಯೋರ್ಡ್ ತುಂಬಾ ಕಿರಿದು, ನಡುವಿನ ದ್ವೀಪದಲ್ಲಿ ಓಸ್ಕರ್ಸ್‌ಬೋರ್ಗ್ ಕೋಟೆ. 1940ರ ಏಪ್ರಿಲ್ 9ರ ಬೆಳಗಿನ ಜಾವ ಜರ್ಮನ್ ಯುದ್ಧನೌಕೆ ಬ್ಲ್ಯೂಶರ್ ಓಸ್ಲೋ ಹಿಡಿಯಲು ಈ ದಾರಿಯಲ್ಲಿ ಬಂತು. ಕೋಟೆಯ ಕಮಾಂಡರ್ ಬಿರ್ಗರ್ ಎರಿಕ್ಸೆನ್ ಹತ್ತಿರ ಇದ್ದದ್ದು ಹತ್ತೊಂಬತ್ತನೇ ಶತಮಾನದ ಫಿರಂಗಿಗಳು, ಹಳೆಯ ಟಾರ್ಪಿಡೋಗಳು, ಹೊಸದಾಗಿ ಸೇರಿದ ಹುಡುಗರು. ಅಷ್ಟರಲ್ಲೇ ಆ ಹಡಗನ್ನು ಮುಳುಗಿಸಿದರು. ಆ ಕೆಲವು ಗಂಟೆಗಳಲ್ಲಿ ರಾಜ ಏಳನೇ ಹೋಕನ್, ಸರ್ಕಾರ, ದೇಶದ ಚಿನ್ನ ಎಲ್ಲವೂ ಓಸ್ಲೋದಿಂದ ಹೊರಗೆ ಹೋದವು. ಫಿರಂಗಿಗಳು ಈಗಲೂ ಅಲ್ಲಿವೆ, ಹಡಗು ಈಗಲೂ ನೀರಿನಡಿ ಇದೆ. ದಡದಲ್ಲಿ ನಿಂತರೆ ಆ ನೀರು ಎಷ್ಟು ಕಿರಿದು, ಗುರಿ ಎಷ್ಟು ಹತ್ತಿರ ಇತ್ತು ಅಂತ ಕಣ್ಣಿಗೇ ಕಾಣುತ್ತದೆ. ನಮ್ಮಪ್ಪ ಅಲ್ಲಿಂದ ಹೊರಡಲು ಒಪ್ಪಲೇ ಇಲ್ಲ.

ಟಿಕೆಟ್ ವಿಷಯ. ರೈಲು ಟಿಕೆಟನ್ನು ಬಿಟ್ಟ ಕೂಡಲೇ ತಗೊಂಡರೆ ಅಗ್ಗ, ತಡ ಮಾಡಿದಷ್ಟೂ ದುಬಾರಿ. ಫ್ಲೋಮ್ ರೈಲು ಮತ್ತು ದೋಣಿ ಜೂನ್‌ನಲ್ಲಿ ತುಂಬಿಬಿಡುತ್ತವೆ, ಮೊದಲು ಅವೆರಡರ ಸಮಯ ನೋಡಿ, ಆಮೇಲೆ ಅದಕ್ಕೆ ಹೊಂದುವ ದೊಡ್ಡ ರೈಲು ಹಿಡಿಯಿರಿ. 67 ದಾಟಿದವರಿಗೆ ರಿಯಾಯಿತಿ ಇದೆ, ಪಾಸ್‌ಪೋರ್ಟ್ ಜೊತೆಗಿರಲಿ. ಬೇಸಿಗೆಯಲ್ಲಿ ಹಳಿ ರಿಪೇರಿ ಅಂತ ಕೆಲವು ದಿನ ರೈಲಿನ ಬದಲು ಬಸ್ಸು ಬಿಡುತ್ತಾರೆ, ನಿಮ್ಮ ತಾರೀಕಿಗೆ ಹಾಗಿದೆಯಾ ಅಂತ ದೇಶದ ರೈಲು, ಬಸ್ಸುಗಳ ಸಮಯ ತೋರಿಸುವ ಎಂಟೂರ್ ಆ್ಯಪ್‌ನಲ್ಲಿ ಬುಕ್ ಮಾಡುವ ಮೊದಲೂ, ಹೊರಡುವ ಹಿಂದಿನ ದಿನವೂ ನೋಡಿ.

ಜೂನ್ ಅಂತ ತೆಳು ಬಟ್ಟೆ ತರಬೇಡಿ. ದೋಣಿಯ ಡೆಕ್ ಮೇಲೆ ಗಾಳಿ ಕೊರೆಯುತ್ತದೆ, ಟೋಪಿ, ಸ್ವೆಟರ್, ಮೇಲೊಂದು ರೇನ್‌ಕೋಟ್ ಬೇಕೇ ಬೇಕು. ಛತ್ರಿ ಗಾಳಿಗೆ ನಿಲ್ಲಲ್ಲ. ಊಟ ಕಟ್ಟಿಕೊಂಡು ಹೋಗಿ, ಸಸ್ಯಾಹಾರಿಗಳಾದರೆ ಇನ್ನೂ ಮುಖ್ಯ, ಫ್ಲೋಮ್‌ನಲ್ಲಿ ಆಯ್ಕೆ ಕಡಿಮೆ, ಬೆಲೆ ಜಾಸ್ತಿ. ಹಿಂದಿನ ದಿನವೇ ಸೂಪರ್ ಮಾರ್ಕೆಟ್ಟಿಗೆ ಹೋಗಿ ಬನ್ನಿ, ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ನಲ್ಲಿ ನೀರು ಧೈರ್ಯವಾಗಿ ಕುಡಿಯಿರಿ, ಬಾಟಲಿ ಕೊಳ್ಳಬೇಡಿ. ನಾವು ಚಪಾತಿ, ಚಟ್ನಿಪುಡಿ, ಮೊಸರಿನ ಡಬ್ಬಿ ತಗೊಂಡು ಹೋಗಿದ್ದೆವು, ಜೊತೆಗೆ ಫ್ಲಾಸ್ಕಿನಲ್ಲಿ ಕಾಫಿ. ನಿಮ್ಮ ತಾರೀಕು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಯಾವ ರೈಲಿಗೆ ಯಾವ ದೋಣಿ ಹೊಂದುತ್ತದೆ ಅಂತ ಕೂತು ನೋಡಿ ಹೇಳುತ್ತೇನೆ.