ಹೊಸ ಮಾನಿಟರಿನಲ್ಲಿ ‘ಔಟ್ ಆಫ್ ರೇಂಜ್’

ಪ್ರಶ್ನೆ: ಸೋಮವಾರಪೇಟೆ ಬಳಿಯ ಕಾಫಿ ತೋಟವೊಂದರಲ್ಲಿ ರೈಟರ್ (ಗುಮಾಸ್ತ) ಆಗಿದ್ದೇನೆ. ಚೆಕ್ ರೋಲ್ (ಆಳುಗಳ ಹಾಜರಿ), ಬಟವಾಡೆ ಲೆಕ್ಕವೆಲ್ಲ ಸೆಂಟ್‌ಓಎಸ್ 5 ಎಂಬ ಲಿನಕ್ಸ್ ಇರುವ ಹಳೆಯ ಕಂಪ್ಯೂಟರಿನಲ್ಲಿದೆ. ಮೊನ್ನೆ ಸಿಡಿಲಿಗೆ ದಪ್ಪ ಮಾನಿಟರ್ ಸುಟ್ಟುಹೋಯಿತು. ಹೊಸ ಎಲ್‌ಸಿಡಿ ಜೋಡಿಸಿದರೆ ಶುರುವಿನ ಅಕ್ಷರಗಳು ಕಾಣುತ್ತವೆ; ಲಾಗಿನ್ ಪರದೆ ಬರುವ ಹೊತ್ತಿಗೆ ‘ಔಟ್ ಆಫ್ ರೇಂಜ್’ ಎಂದು ತೋರಿಸಿ ಕಪ್ಪಾಗುತ್ತದೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಎನ್ನುತ್ತಾರೆ ಅಂಗಡಿಯವರು. ಬೇರೆ ದಾರಿ ಇಲ್ಲವೇ ಸರ್?

ಉತ್ತರ: ಖಂಡಿತ ಇದೆ. ಅಳಿಸುವ ಮಾತಿಗೆ ಒಪ್ಪಬೇಡಿ. ಶುರುವಿನ ಅಕ್ಷರಗಳು ಕಾಣುತ್ತಿವೆ ಎಂದಮೇಲೆ ಮಾನಿಟರೂ ಕೇಬಲ್ಲೂ ಸರಿಯಾಗಿಯೇ ಇವೆ. ಸುಟ್ಟ ಮಾನಿಟರಿನ ಅಳತೆಗಳು ಒಂದು ಕಡತದಲ್ಲಿ ಇನ್ನೂ ಉಳಿದುಕೊಂಡಿರಬೇಕು. ದಪ್ಪ ಮಾನಿಟರುಗಳಲ್ಲಿ ಚಿತ್ರ ಮಿಣುಕದಿರಲೆಂದು 85 ಹರ್ಟ್ಸ್, ಅಂದರೆ ಸೆಕೆಂಡಿಗೆ 85 ಸಲ ಚಿತ್ರ ಮೂಡುವಂತೆ, ಇಡುತ್ತಿದ್ದರು. ಸಾಧಾರಣ ಎಲ್‌ಸಿಡಿಗಳಲ್ಲಿ ಹಲವು 75ರ ಆಚೆಗೆ ಒಪ್ಪುವುದಿಲ್ಲ.

ಕಂಪ್ಯೂಟರ್ ಶುರುವಾಗುವಾಗ ಯಾವುದಾದರೂ ಕೀ ಒತ್ತಿ ಗ್ರಬ್ ಪಟ್ಟಿ (ಲಿನಕ್ಸ್ ಶುರುಮಾಡುವ ಆಯ್ಕೆಗಳ ಪಟ್ಟಿ) ತೆರೆಯಿರಿ. ‘ಎ’ ಒತ್ತಿ, ಸಾಲಿನ ಕೊನೆಯಲ್ಲಿ ಸ್ಪೇಸ್ ಬಿಟ್ಟು 3 ಬರೆದು ಎಂಟರ್ ಕೊಡಿ. ಚಿತ್ರದ ಗೊಡವೆಯಿಲ್ಲದೆ ಅಕ್ಷರಗಳ ಲಾಗಿನ್ ಬರುತ್ತದೆ. ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಿ ಒಳಹೊಕ್ಕು, ಉಳಿದದ್ದಕ್ಕೆ ಕೈಹಾಕುವ ಮೊದಲು ಬಟವಾಡೆ ಲೆಕ್ಕವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಇಲ್ಲಿ ಪೆನ್‌ಡ್ರೈವ್ ತಾನಾಗಿ ತೆರೆದುಕೊಳ್ಳುವುದಿಲ್ಲ, ಅದನ್ನು ಜೋಡಿಸುವ ಮೌಂಟ್ ಆಜ್ಞೆ ಕೊಡಬೇಕು. ಪೆನ್‌ಡ್ರೈವಿನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಬೇಡ, ಫ್ಯಾಟ್32 ಇರಲಿ.

ಇನ್ನು ಅಳತೆಗಳಿರುವ ಕಡತದ ವಿಚಾರ. ಇಟಿಸಿ ಡೈರೆಕ್ಟರಿಯ ಎಕ್ಸ್11 ಒಳಗೆ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಇದೆ. ಅದರ ಪ್ರತಿ ತೆಗೆದಿಟ್ಟು ವಿಐಯಲ್ಲಿ (ಕಡತ ತಿದ್ದುವ ತಂತ್ರಾಂಶ) ತೆರೆಯಿರಿ. ‘ಮಾನಿಟರ್’ ವಿಭಾಗದಲ್ಲಿ ಹಾರಿಜ್‌ಸಿಂಕ್ 31.5-50, ವರ್ಟ್‌ರಿಫ್ರೆಶ್ 56-61 ಎಂದು ಬದಲಿಸಿ; ಆ ಸಾಲುಗಳೇ ಇಲ್ಲದಿದ್ದರೆ ಸೇರಿಸಿ. ‘ಸ್ಕ್ರೀನ್’ ವಿಭಾಗದ ಮೋಡ್ಸ್ ಸಾಲಿನಲ್ಲಿ 1024x768 ಒಂದನ್ನೇ ಉಳಿಸಿ. 60 ಹರ್ಟ್ಸ್‌ನಲ್ಲಿ ಅದಕ್ಕೆ ಬೇಕಾದ ಅಡ್ಡ ಸಿಂಕ್ (ಸೆಕೆಂಡಿಗೆ ಮೂಡುವ ಅಡ್ಡಗೆರೆಗಳ ಲೆಕ್ಕ, ಅಂದರೆ ಹಾರಿಜ್‌ಸಿಂಕ್) 48.4 ಕಿಲೋಹರ್ಟ್ಸ್, ಈ ಮಿತಿಯೊಳಗೇ ಬರುತ್ತದೆ, 85ಕ್ಕೆ 68.7 ಬೇಕು, ಹಾಗಾಗಿ ವ್ಯವಸ್ಥೆ ಅದನ್ನು ತಾನೇ ಕೈಬಿಡುತ್ತದೆ. ಅಗಲ ಪರದೆಯಾದರೆ ಅಕ್ಷರಗಳು ತುಸು ಹಿಗ್ಗಿದಂತೆ ಕಾಣುತ್ತವೆ. ಲೆಕ್ಕ ಬರೆಯಲು ಅದರಿಂದ ತೊಂದರೆಯಿಲ್ಲ.

ಕಡತ ಉಳಿಸಿ, ಚಿತ್ರಪರದೆ ಶುರುಮಾಡುವ ಸ್ಟಾರ್ಟ್‌ಎಕ್ಸ್ ಆಜ್ಞೆ ಕೊಟ್ಟು ನೋಡಿ. ಆಗಲೂ ಕಪ್ಪಾದರೆ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಒಟ್ಟಿಗೆ ಒತ್ತಿ ಹೊರಬಂದು, ಅದೇ ಕಡತದ ‘ಡಿವೈಸ್’ ವಿಭಾಗದ ಡ್ರೈವರನ್ನು ವೆಸಾ ಎಂದು ಮಾಡಿ. ನಿಧಾನವಾದರೂ ಇದು ನಂಬಿಕಸ್ಥ ಡ್ರೈವರ್.

ಸೆಂಟ್‌ಓಎಸ್ 5ಕ್ಕೆ ಭದ್ರತಾ ಪರಿಷ್ಕರಣೆಗಳು 2017ರ ಮಾರ್ಚ್‌ನಲ್ಲೇ ನಿಂತಿವೆ. ಲೆಕ್ಕಕ್ಕೆ ಬಳಸಿಕೊಳ್ಳಿ, ಇಂಟರ್ನೆಟ್ ತಂತಿಯನ್ನು ಮಾತ್ರ ಅದಕ್ಕೆ ಸಿಕ್ಕಿಸಬೇಡಿ.