ಬ್ಯಾರಕ್ಕಿನೊಳಗೆ ಮಕ್ಕಳ ಪಾದರಕ್ಷೆ

ಪತ್ರ: “ರೋಮನ್ ಸೈನಿಕರು ಮದುವೆಯಾಗುವಂತಿರಲಿಲ್ಲ ಅಂತ ಕಳೆದ ಸಂಚಿಕೆಯ ಲೇಖನದಲ್ಲಿದೆ. ವಿಂಡೋಲಾಂಡ ಕೋಟೆಯಲ್ಲಿ ಮಕ್ಕಳ ಪಾದರಕ್ಷೆ ಸಿಕ್ಕಿವೆ ಅಂತಲೂ ಅದರಲ್ಲೇ ಇದೆ. ಎರಡೂ ಹೇಗೆ ನಿಜ?”
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ಎರಡೂ ನಿಜ. ಕಾನೂನು ಒಪ್ಪದೆ ಇದ್ದದ್ದು ಮದುವೆಯನ್ನು. ಸಂಸಾರ ಅದರ ಪಾಡಿಗೆ ನಡೆಯುತ್ತಲೇ ಇತ್ತು. ಸಹಾಯಕ ದಳಕ್ಕೆ, ಅಂದರೆ ರೋಮನ್ ಪೌರತ್ವವಿಲ್ಲದವರನ್ನು ಹೆಚ್ಚಾಗಿ ಸೇರಿಸಿಕೊಳ್ಳುತ್ತಿದ್ದ ಪಡೆಗೆ, ಸೇರಿದವನು 25 ವರ್ಷ ದುಡಿಯಬೇಕಿತ್ತು. ಹರೆಯದ ಹುಡುಗನಿಗೆ ಅಷ್ಟು ಕಾಲ ಒಂಟಿಯಾಗಿರು ಅಂದರೆ ಆಗುವ ಮಾತಲ್ಲ, ಅಲ್ವಾ?

ವಿಂಡೋಲಾಂಡ ಇರುವುದು ಇಂಗ್ಲೆಂಡಿನ ಉತ್ತರದಲ್ಲಿ, ಹೇಡ್ರಿಯನ್ ಗೋಡೆಯ ಹತ್ತಿರ. ಅಲ್ಲಿನ ಒದ್ದೆ ನೆಲದೊಳಗೆ ಗಾಳಿಯಾಡುವುದಿಲ್ಲ. ಹಾಗಾಗಿ ತೊಗಲು ಕೊಳೆಯದೆ ಉಳಿದಿದೆ. ಸಾವಿರಾರು ಪಾದರಕ್ಷೆ ಸಿಕ್ಕಿವೆ. ಕೋಟೆಯ ಹೊರಗೆ ಪೇಟೆ ಇತ್ತು, ಅಲ್ಲಿ ಹೆಂಗಸರು ಮಕ್ಕಳು ಇದ್ದದ್ದು ಸಹಜ. ಆದರೆ ಅವರ ಪಾದರಕ್ಷೆಗಳು ಸಾಮಾನ್ಯ ಸೈನಿಕರು ಮಲಗುತ್ತಿದ್ದ ಬ್ಯಾರಕ್ಕುಗಳ ಒಳಗೂ ಸಿಕ್ಕಿವೆ. ಕೋಟೆ ಅಂದರೆ ಬರೀ ಗಂಡಸರ ಜಾಗ ಅಂತ ಬಹಳ ಕಾಲ ನಂಬಿದ್ದವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ದಳದ ಮುಖ್ಯಸ್ಥರಿಗೆ ಈ ನಿರ್ಬಂಧವೇ ಇರಲಿಲ್ಲ. ಅವರ ಮನೆಮಂದಿ ಜೊತೆಗೇ ಇರುತ್ತಿದ್ದರು. ಕ್ರಿ.ಶ. 100ರ ಸುಮಾರಿಗೆ ಇನ್ನೊಂದು ಕೋಟೆಯ ದಳಪತಿಯ ಹೆಂಡತಿ ಕ್ಲಾಡಿಯಾ ಸೆವೆರಾ ಎಂಬಾಕೆ ವಿಂಡೋಲಾಂಡದ ದಳಪತಿಯ ಹೆಂಡತಿ ಸುಲ್ಪಿಸಿಯಾ ಲೆಪಿಡಿನಾಗೆ ಒಂದು ಪತ್ರ ಬರೆಸಿದಳು. ಕಾಗದವಲ್ಲ, ತೆಳುವಾದ ಮರದ ಹಲಗೆ. ಸೆಪ್ಟೆಂಬರ್ 11ಕ್ಕೆ ನನ್ನ ಹುಟ್ಟುಹಬ್ಬ, ನೀನು ಬಂದರೆ ನನಗೆ ಇನ್ನೂ ಸಂತೋಷ ಅನ್ನುತ್ತಾಳೆ. ಗಂಡನೂ ಪುಟ್ಟ ಮಗನೂ ನಮಸ್ಕಾರ ಹೇಳಿದ್ದಾರೆ ಅಂತಲೂ ಸೇರಿಸುತ್ತಾಳೆ. ಅಷ್ಟನ್ನು ಬರೆದದ್ದು ಬರೆಗಾರ. ಕೊನೆಯ ಕೆಲವು ಸಾಲು ಸೆವೆರಾಳದೇ ಕೈಬರಹ. ಬಾ, ಕಾಯುತ್ತಿರುತ್ತೇನೆ ಎಂದು ಗೆಳತಿಯನ್ನು ಅಕ್ಕರೆಯಿಂದ ಕರೆದಿದ್ದಾಳೆ.

ಬ್ಯಾರಕ್ಕಿನ ಹೆಂಗಸರು ಬರೆದ ಇಂಥ ಪತ್ರ ನಮ್ಮ ಕೈಗೆ ಬಂದಿಲ್ಲ. ಕಾನೂನಿನ ಪೆಟ್ಟು ಬಿದ್ದದ್ದು ಅವರಿಗೂ ಅವರ ಮಕ್ಕಳಿಗೂ. ಗಂಡ ಉಯಿಲು ಬರೆಯದೆ ಸತ್ತರೆ ಮಕ್ಕಳಿಗೆ ಆಸ್ತಿಯಲ್ಲಿ ಪಾಲಿರಲಿಲ್ಲ. 119ರಲ್ಲಿ ರೋಮನ್ ಚಕ್ರವರ್ತಿ ಹೇಡ್ರಿಯನ್, ರಕ್ತಸಂಬಂಧಿಗಳೆಂದಾದರೂ ಅವರು ಹಕ್ಕು ಕೇಳಬಹುದು ಅಂದ. ಕೆಲವೇ ವರ್ಷಗಳಲ್ಲಿ ಗೋಡೆ ಕಟ್ಟಿಸಿದವನೂ ಅವನೇ. ಮದುವೆಯ ನಿರ್ಬಂಧ ಸಡಿಲವಾದದ್ದು 197ರ ಸುಮಾರಿಗೆ, ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಕಾಲದಲ್ಲಿ.

ಇದೆಲ್ಲದರ ನಡುವೆ ನನಗೆ ಜಾಸ್ತಿ ನೋವು ತರುವುದು ಇನ್ನೊಂದು ಸಂಗತಿ. 25 ವರ್ಷ ಮುಗಿಸಿದ ಸಹಾಯಕ ದಳದವನಿಗೆ ರೋಮನ್ ಪೌರತ್ವ ಸಿಗುತ್ತಿತ್ತು. ಮೊದಲು ಅವನ ಮಕ್ಕಳಿಗೂ ಅದು ಸಿಗುತ್ತಿತ್ತು. 140ರ ಸುಮಾರಿಗೆ, ಸೇವೆಯಲ್ಲಿದ್ದಾಗ ಹುಟ್ಟಿದ ಮಕ್ಕಳನ್ನು ಕೈಬಿಟ್ಟರು. ಅಪ್ಪ ರೋಮನ್ ಪ್ರಜೆ, ಕೋಟೆಯಲ್ಲೇ ಹುಟ್ಟಿ ಬೆಳೆದ ಮಗ ಹೊರಗಿನವನು.